ಸೂಜಿಗೆ ಮೊದಲು ಮಾತು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅರಿಯದವನು ಆ ಕಡುಗೆಂಪನ್ನು ಕಂಡೇ ಹಿಂಜರಿದಾನು. ಹಲ್ಲಿನ ವೈದ್ಯರ ಸೂಜಿಯೆದುರು ಮಗುವಿನ ಸ್ಥಿತಿಯೂ ಅದೇ: ಚುಚ್ಚುವ ನೋವು ಅಲ್ಪಕಾಲದ್ದು, ಅದಕ್ಕೆ ಮುಂಚಿನ ಭಯ ದೀರ್ಘವಾದದ್ದು.

ಈ ಭಯವನ್ನು ಬಿತ್ತಿದವರಾರು? ಹಾವೇರಿ, ರಾಣೆಬೆನ್ನೂರುಗಳ ಓಣಿಗಳಲ್ಲಿ ಕಿವಿಗೊಟ್ಟರೆ ಉತ್ತರ ಕೇಳಿಬರುತ್ತದೆ: “ಹಟ ಮಾಡಿದರ ಸೂಜಿ ಮಾಡಸ್ತೀನಿ ನೋಡು!” ಉಪಕಾರಕ್ಕೆಂದು ಬಂದ ಸೂಜಿಯನ್ನು ನಾವೇ ಶಿಕ್ಷೆಯಾಗಿಸಿದ್ದೇವೆ. ಭಯವು ನೋವನ್ನು ಹಿಗ್ಗಿಸುತ್ತದೆ. ಅಂಜಿದ ಮಗು ಚಿಕಿತ್ಸೆಯನ್ನೇ ತೊರೆದು ಹುಳುಕುಹಲ್ಲಿನೊಡನೆ ಬೆಳೆಯುತ್ತದೆ.

ವೈದ್ಯಶಾಸ್ತ್ರವು ತನ್ನ ಪಾಲಿನ ಕೆಲಸವನ್ನು ಮಾಡಿದೆ. ಒಸಡನ್ನು ಒರೆಸಿ, ಮರಗಟ್ಟಿಸುವ ಮುಲಾಮು ಹಚ್ಚಿ, ಒಂದೆರಡು ನಿಮಿಷ ಕಾಯುವುದು. ತೆಳುವಾದ ಸೂಜಿಯಿಂದ ಔಷಧವನ್ನು ಮೆಲ್ಲಮೆಲ್ಲನೆ ಇಳಿಸುವುದು. ಆಗ ಕೆನ್ನೆಯನ್ನು ಮೃದುವಾಗಿ ಅಲುಗಿಸುತ್ತಿರುವುದು. ಸ್ಪರ್ಶದ ಸಂವೇದನೆಯು ನರಮಾರ್ಗದಲ್ಲಿ ನೋವಿನ ಬಾಗಿಲನ್ನು ಮುಚ್ಚಬಲ್ಲದೆಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಪ್ರತಿಪಾದಿಸಿದರು. ಪೆಟ್ಟಾದ ಮೊಣಕಾಲನ್ನು ತಾಯಿ ನೀವುವುದರ ಮರ್ಮವೂ ಇದೇ. 1959ರಲ್ಲಿ ಅಡಲ್‌ಸ್ಟನ್ ನಿರೂಪಿಸಿದ ಕ್ರಮವಂತೂ ಸರಳ: ಮೊದಲು ಹೇಳು, ಬಳಿಕ ತೋರಿಸು, ಆಮೇಲೆ ಮಾಡು.

ಮಾಡುವುದು ವೈದ್ಯರ ಹೊಣೆ. ಹೇಳುವುದರಲ್ಲಿ ಮನೆಯವರಿಗೂ ಪಾಲುಂಟು. “ನೋವೇ ಆಗೂದಿಲ್ಲ” ಎಂಬ ಸುಳ್ಳೂ ಸಲ್ಲದು. ಒಮ್ಮೆ ಮೋಸಹೋದ ಮಗು ಮತ್ತೆ ನಂಬದು. “ತುಸು ಚುರ್ ಅಂತೈತಿ, ಆಮ್ಯಾಲ ಹಲ್ಲು ಮಲಗತೈತಿ, ನಾ ಇಲ್ಲೇ ಇರ್ತೀನಿ” ಎಂದರೆ ಸಾಕು. ಮುಲಾಮು ಒಸಡಿಗೆ, ಮನಸ್ಸಿಗೆ ಹಚ್ಚಬೇಕಾದುದು ನಂಬುಗೆಯ ಮಾತು. ಅದು ಆಸ್ಪತ್ರೆಯಲ್ಲಲ್ಲ, ಮನೆಯ ಹೊಸ್ತಿಲಲ್ಲೇ ಮೊದಲಾಗಲಿ.