ಸೆಟ್‌ಟಾಪ್ ಬಾಕ್ಸಿನ ಹಿಂದಿನ ಆ ಯುಎಸ್‌ಬಿ ಪೋರ್ಟ್

ಮನೆಗೆ ಹೋದಾಗ ಸೆಟ್‌ಟಾಪ್ ಬಾಕ್ಸನ್ನು ಒಮ್ಮೆ ತಿರುಗಿಸಿ ನೋಡಿ. ಡಿಶ್‌ನಿಂದ ಬರೋ ಕೇಬಲ್ಲು, ಟಿವಿಗೆ ಹೋಗೋ ಹಳದಿ-ಕೆಂಪು-ಬಿಳಿ ಪಿನ್ನುಗಳು, ಅಡಾಪ್ಟರಿನ ವೈರು, ಇವುಗಳ ಪಕ್ಕದಲ್ಲೋ ಅಥವಾ ಮುಂದಿನ ಮೂಲೆಯಲ್ಲೋ ಒಂದು ಯುಎಸ್‌ಬಿ ಪೋರ್ಟ್ ಇರುತ್ತೆ. ನಮ್ಮ ಮೂವರ ಮನೆಯಲ್ಲೂ ಇದೆ. ನಾವು ಒಬ್ಬರು ಯಾದಗಿರಿ, ಒಬ್ಬರು ಶಹಾಪುರ, ಒಬ್ಬರು ಸುರಪುರ. ಮೂರೂ ಮನೆಯಲ್ಲಿ ಆ ಪೋರ್ಟಿನೊಳಗೆ ಧೂಳು ಬಿಟ್ಟರೆ ಬೇರೇನೂ ಹೋಗಿರಲಿಲ್ಲ. ಹೋದ ರಜೆಯಲ್ಲಿ ಅದಕ್ಕೆ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಎಲ್ಲ ಹಚ್ಚಿ ನೋಡಿದೆವು. ತಿಳಿದದ್ದನ್ನು ಇಲ್ಲಿ ಬರೀತಿದ್ದೇವೆ.

"ಯೂಟ್ಯೂಬ್ ಇರೋವಾಗ ರೆಕಾರ್ಡಿಂಗ್ ಯಾಕ್ರಿ?" ಅಂತ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದರು. ಕಾಲೇಜಿನ ವೈಫೈ ಮೇಲೆ ಬದುಕೋರಿಗೆ ಈ ಪ್ರಶ್ನೆ ಸಹಜ. 2020ರ ಜುಲೈ ನೆನಪು ಮಾಡಿಕೊಳ್ಳಿ. ಶಾಲೆ ಬಂದ್ ಆಗಿದ್ದವು, ಸರ್ಕಾರ 8, 9, 10ನೇ ಕ್ಲಾಸಿನ ಮಕ್ಕಳಿಗೆ ಡಿಡಿ ಚಂದನದಲ್ಲಿ 'ಸೇತುಬಂಧ' ಅಂತ ಪಾಠ ಶುರು ಮಾಡಿತು. ನಾವು ಇಂಗ್ಲಿಷ್ ಮೀಡಿಯಂನವರು, ನಮಗೆ ಝೂಮ್ ಇತ್ತು. ಪಕ್ಕದ ಮನೆಯ ಸರ್ಕಾರಿ ಶಾಲೆ ಹುಡುಗರಿಗೆ ಇದ್ದದ್ದು ಚಂದನ ಒಂದೇ. ಪಾಠ ಬರೋ ಹೊತ್ತಿಗೆ ಕರೆಂಟ್ ಇರಬೇಕು, ಹುಡುಗ ಹೊಲಕ್ಕೆ ಹೋಗಿರಬಾರದು, ಮನೆಯಲ್ಲಿ ಬೇರೆ ಯಾರೂ ರಿಮೋಟ್ ಹಿಡಿದಿರಬಾರದು. ಅದೇ ಬಾಕ್ಸಿಗೆ ಒಂದು ಪೆನ್‌ಡ್ರೈವ್ ಹಚ್ಚಿದ್ದರೆ ಪಾಠ ರಾತ್ರಿ ನೋಡಬಹುದಿತ್ತು, ಎರಡು ಸಲ ನೋಡಬಹುದಿತ್ತು. ಆ ಪೋರ್ಟ್ ಇದಕ್ಕೆ ಅಂತ ಅವರಿಗೆ ಯಾರೂ ಹೇಳಲಿಲ್ಲ. ನಮಗೂ ಗೊತ್ತಿರಲಿಲ್ಲ ಬಿಡಿ.

ಮೊದಲು ಬಾಕ್ಸಿನ ಜಾತಿ ನೋಡಬೇಕು. ನಮ್ಮ ಕಡೆ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣೋದು ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಲ್ಲಿ ಶುರುವಾದದ್ದು ಇದು. ತಿಂಗಳ ರೀಚಾರ್ಜ್ ಇಲ್ಲ, ಮಾಮೂಲಿ ಬಾಕ್ಸಿಗೆ ಕಾರ್ಡ್ ಇಲ್ಲ, ಸಿಗ್ನಲ್ಲಿಗೆ ಬೀಗ ಇಲ್ಲ. ಇನ್ನೊಂದು ಜಾತಿ ರೀಚಾರ್ಜ್ ಮಾಡೋ ಡಿಟಿಎಚ್ ಮತ್ತು ಡಿಜಿಟಲ್ ಕೇಬಲ್. ಇವುಗಳಲ್ಲಿ ಸಿಗ್ನಲ್ ಬರೋದೇ ಬೀಗ ಹಾಕಿಕೊಂಡು. 2008ರಲ್ಲಿ ಬಂದ ಟಾಟಾ ಸ್ಕೈ ಪ್ಲಸ್‌ನಂಥ ಬಾಕ್ಸುಗಳಲ್ಲಿ ಹಾರ್ಡ್ ಡಿಸ್ಕ್ ಒಳಗೇ ಇರ್ತಿತ್ತು. ಆಮೇಲೆ ಬಂದ ಹಲವು ಬಾಕ್ಸುಗಳು ಆ ಖರ್ಚನ್ನು ನಮ್ಮ ಮೇಲೆ ಹಾಕಿ ಯುಎಸ್‌ಬಿ ಪೋರ್ಟ್ ಮಾತ್ರ ಕೊಟ್ಟವು. ಎರಡೂ ಜಾತಿಗೆ ಪೆನ್‌ಡ್ರೈವ್ ಹಚ್ಚೋ ರೀತಿ ಒಂದೇ, ಆದರೆ ಸಿಗೋ ಫೈಲಿಗೆ ಭೂಮಿ ಆಕಾಶದ ವ್ಯತ್ಯಾಸ. ಅದಕ್ಕೆ ಆಮೇಲೆ ಬರ್ತೇವೆ.

ರೆಕಾರ್ಡಿಂಗ್ ಅಂದರೆ ಬಾಕ್ಸು ವಿಡಿಯೋ 'ತಯಾರು' ಮಾಡುತ್ತೆ ಅಂತ ನಾವು ತಿಳಿದಿದ್ದೆವು. ಹಾಗೇನಿಲ್ಲ. ಸ್ಯಾಟಲೈಟಿನಿಂದ ಬರೋದೇ ಕಂಪ್ರೆಸ್ ಆದ ಡೇಟಾ, 188 ಬೈಟಿನ ಸಣ್ಣ ಸಣ್ಣ ಪ್ಯಾಕೆಟ್ಟುಗಳಲ್ಲಿ. ಇದಕ್ಕೆ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಅಂತಾರೆ. ಒಂದು ಟ್ರಾನ್ಸ್‌ಪಾಂಡರಿನಲ್ಲಿ ಹಲವು ಚಾನೆಲ್ಲುಗಳು ಒಟ್ಟಿಗೆ ಬರ್ತವೆ, ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಊರಿನ ಜನ ಕೂತ ಹಾಗೆ. ಪ್ರತಿ ಪ್ಯಾಕೆಟ್ಟಿನ ತಲೆಯಲ್ಲಿ 13 ಬಿಟ್ಟಿನ ಒಂದು ಗುರುತಿನ ನಂಬರ್ ಇರುತ್ತೆ. ನೀವು ಚಂದನ ಹಾಕಿದರೆ ಬಾಕ್ಸು ಚಂದನದ ನಂಬರಿನ ಪ್ಯಾಕೆಟ್ಟುಗಳನ್ನು ಆರಿಸಿ ಡಿಕೋಡರಿಗೆ ಕೊಡುತ್ತೆ. ರೆಕಾರ್ಡ್ ಒತ್ತಿದರೆ ಅವೇ ಪ್ಯಾಕೆಟ್ಟುಗಳನ್ನು ಪೆನ್‌ಡ್ರೈವಿಗೂ ಸುರಿಯುತ್ತೆ. ಅಷ್ಟೇ ಕೆಲಸ. ಅದಕ್ಕೇ ಅಗ್ಗದ ಬಾಕ್ಸಿಗೂ ಇದು ಸಾಧ್ಯ, ಕ್ವಾಲಿಟಿಯೂ ಒಂದಿಷ್ಟೂ ಕಡಿಮೆ ಆಗಲ್ಲ. ಬಾಕ್ಸಿನಲ್ಲಿ ಟ್ಯೂನರ್ ಒಂದೇ ಇರೋದರಿಂದ, ಒಂದು ಚಾನೆಲ್ ರೆಕಾರ್ಡ್ ಆಗ್ತಿರುವಾಗ ಬೇರೆ ಬಸ್ಸಿನ ಚಾನೆಲ್ ನೋಡೋಕೆ ಆಗಲ್ಲ. ಮನೆಯಲ್ಲಿ ಜಗಳ ಬರೋದು ಇಲ್ಲಿ.

ಎಷ್ಟು ಜಾಗ ಬೇಕು? ಮಾಮೂಲಿ ಎಸ್‌ಡಿ ಚಾನೆಲ್ಲನ್ನು ಸೆಕೆಂಡಿಗೆ 4 ಮೆಗಾಬಿಟ್ ಅಂತ ಹಿಡಿಯೋಣ. 4ನ್ನು 3600ರಿಂದ ಗುಣಿಸಿ 8ರಿಂದ ಭಾಗಿಸಿದರೆ ಗಂಟೆಗೆ 1800 ಎಂಬಿ, ಅಂದರೆ 1.8 ಜಿಬಿ. 32 ಜಿಬಿ ಪೆನ್‌ಡ್ರೈವಿನಲ್ಲಿ ಸುಮಾರು 17 ಗಂಟೆ. ಎಚ್‌ಡಿ ಚಾನೆಲ್ 8 ಮೆಗಾಬಿಟ್ ಆದರೆ ಗಂಟೆಗೆ 3.6 ಜಿಬಿ. ಬರೆಯೋ ವೇಗ ಎಷ್ಟು ಅಂತ ನೋಡಿದರೆ ಸೆಕೆಂಡಿಗೆ ಬರೀ ಅರ್ಧ ಎಂಬಿ. ಸರಿಯಾದ ಕಂಪನಿಯ ಯಾವ ಪೆನ್‌ಡ್ರೈವಾದರೂ ನಿದ್ದೆಯಲ್ಲೇ ಮಾಡೋ ಕೆಲಸ. ಫ್ರೀ ಡಿಶ್ ಮನೆಗೆ ಒಂದು ಟಿಬಿ ಹಾರ್ಡ್ ಡಿಸ್ಕ್ ತರೋದು ದುಡ್ಡು ದಂಡ, ಇದು ನಮ್ಮ ಖಚಿತ ಅಭಿಪ್ರಾಯ.

ಹಾರ್ಡ್ ಡಿಸ್ಕಿಗೆ ಕರೆಂಟಿನ ತಂಟೆಯೂ ಇದೆ. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದದ್ದು 500 ಮಿಲಿ ಆಂಪಿಯರ್. ಸಣ್ಣ ಹಾರ್ಡ್ ಡಿಸ್ಕ್ ತಿರುಗೋಕೆ ಶುರು ಮಾಡುವ ಕ್ಷಣದಲ್ಲಿ ಇದಕ್ಕಿಂತ ಬಹಳ ಹೆಚ್ಚು ಎಳೆಯುತ್ತೆ. ಆಗ ಟಿಕ್ ಟಿಕ್ ಅಂತ ಸದ್ದು, ಪರದೆ ಮೇಲೆ 'ಯುಎಸ್‌ಬಿ ಇಲ್ಲ' ಅನ್ನೋ ಮೆಸೇಜು. ಡಿಸ್ಕ್ ಕೆಟ್ಟಿಲ್ಲ, ಹಸಿದಿದೆ. ಸ್ವಂತ ಅಡಾಪ್ಟರ್ ಇರೋ ಯುಎಸ್‌ಬಿ ಹಬ್ ನಡುವೆ ಹಚ್ಚಿದರೆ ಸರಿ ಹೋಗುತ್ತೆ. ಬೇಸಿಗೆಯ ಮಾತು ಬೇರೆ. ಕೆಲವು ಹಾರ್ಡ್ ಡಿಸ್ಕುಗಳ ಜೊತೆ ಬರೋ ಕಾಗದದಲ್ಲಿ 35 ಡಿಗ್ರಿವರೆಗೆ ಬಳಸಿ ಅಂತ ಇರುತ್ತೆ. ಮೇ ತಿಂಗಳ ಯಾದಗಿರಿಯಲ್ಲಿ ಪತ್ರಾಸಿನ ಕೆಳಗಿನ ಕೋಣೆಗೆ ಆ ಕಾಗದ ಬರೆದವರು ಬಂದಿಲ್ಲ ಅನ್ಸುತ್ತೆ.

ಪೆನ್‌ಡ್ರೈವ್ ಕೊಳ್ಳುವಾಗ ಒಂದು ಎಚ್ಚರ. ಮುನ್ನೂರು ರೂಪಾಯಿಗೆ '2 ಟಿಬಿ' ಅಂತ ಮಾರೋ ಪೆನ್‌ಡ್ರೈವ್ ಇರ್ತವೆ. ಒಳಗೆ ನಿಜವಾಗಿ ಇರೋದು ಎಂಟೋ ಹದಿನಾರೋ ಜಿಬಿ. ಅದು ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತೆ, ಲಿಸ್ಟಿನಲ್ಲಿ ಮಾತ್ರ ಎಲ್ಲ ಫೈಲೂ ಕಾಣುತ್ತೆ. ಎಚ್‌2ಟೆಸ್ಟ್‌ಡಬ್ಲ್ಯು ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಪರೀಕ್ಷೆ ಮಾಡಿದರೆ ಬಣ್ಣ ಬಯಲಾಗುತ್ತೆ.

ಫಾರ್ಮ್ಯಾಟ್ ವಿಷಯ. ಅಗ್ಗದ ಬಾಕ್ಸುಗಳಿಗೆ ಗೊತ್ತಿರೋದು ಹೆಚ್ಚಾಗಿ ಫ್ಯಾಟ್32 ಒಂದೇ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ, ಯಾಕಂದ್ರೆ ಫೈಲಿನ ಅಳತೆ ಬರೆಯೋಕೆ ಇರೋದು 32 ಬಿಟ್ ಅಷ್ಟೇ. ನಮ್ಮ ಲೆಕ್ಕದಲ್ಲಿ ಅದು ಸುಮಾರು 2 ಗಂಟೆ 23 ನಿಮಿಷ. ಜಾಣ ಬಾಕ್ಸು ಅಲ್ಲಿ ಫೈಲು ಕತ್ತರಿಸಿ ಎರಡನೆಯದು ಶುರು ಮಾಡುತ್ತೆ. ದಡ್ಡ ಬಾಕ್ಸು ಸುಮ್ಮನೆ ನಿಲ್ಲುತ್ತೆ, ಸಿನಿಮಾದ ಕ್ಲೈಮ್ಯಾಕ್ಸಿಗೆ ಮುಂಚೆ. ಹೊಸ ಪೆನ್‌ಡ್ರೈವನ್ನು ಬಾಕ್ಸಿನ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡೋದು ಒಳ್ಳೆಯದು, ಒಳಗೆ ಬೇರೆ ಏನೂ ಇಲ್ಲ ಅಂತ ನೋಡಿಕೊಂಡು. ಮೆನುವಿನಲ್ಲಿ 'ಟೈಮ್‌ಶಿಫ್ಟ್' ಆನ್ ಇದ್ದರೆ ಬಂದ್ ಮಾಡಿ. ಇಲ್ಲದಿದ್ದರೆ ನೀವು ಟಿವಿ ನೋಡುವಷ್ಟು ಹೊತ್ತೂ ಅದು ಬರೀತಾನೇ ಇರುತ್ತೆ. ದಿನಪೂರ್ತಿ ಬಾಕ್ಸು ಹಚ್ಚಿಟ್ಟ ಮನೆಯಲ್ಲಿ ಅದು 43 ಜಿಬಿ. ಪೆನ್‌ಡ್ರೈವಿನ ಫ್ಲಾಶ್ ಮೆಮೊರಿ ಇಷ್ಟೇ ಸಲ ಬರೆಯಬಹುದು ಅಂತ ಆಯುಷ್ಯ ಹೊತ್ತು ಬಂದಿರುತ್ತೆ.

ಟೈಮರ್ ಇಡುವಾಗ ಬಾಕ್ಸಿನ ಗಡಿಯಾರ ನೋಡಿ. ಸಿಗ್ನಲ್ಲಿನಲ್ಲಿ ಬರೋ ಸಮಯ ಲಂಡನ್ನಿನ ಗ್ರೀನಿಚ್ ಲೆಕ್ಕದ್ದು. ಮೆನುವಿನಲ್ಲಿ 5:30 ಕೂಡಿಸದೆ ರಾತ್ರಿ 8ಕ್ಕೆ ಇಟ್ಟರೆ ರೆಕಾರ್ಡ್ ಆಗೋದು ನಡುರಾತ್ರಿ ಒಂದೂವರೆಗೆ.

ಈಗ ನಮ್ಮ ಕಡೆಯ ಮುಖ್ಯ ಸಮಸ್ಯೆ, ಕರೆಂಟು. ರೆಕಾರ್ಡ್ ಆಗುತ್ತಿರುವಾಗ ಹೋದರೆ ಏನಾಗುತ್ತೆ? ಟ್ರಾನ್ಸ್‌ಪೋರ್ಟ್ ಸ್ಟ್ರೀಮಿನ ದೊಡ್ಡ ಗುಣ ಏನಂದ್ರೆ ಎಲ್ಲಿ ತುಂಡಾದರೂ ಅಲ್ಲಿವರೆಗಿನದು ಓಡುತ್ತೆ. ಮೊಬೈಲಿನ ಎಂಪಿ4 ಹಾಗಲ್ಲ, ಅದು ಹೆಚ್ಚಾಗಿ ಕೊನೆಯಲ್ಲಿ ಸೂಚಿ ಬರೆಯುತ್ತೆ, ಸೂಚಿ ಇಲ್ಲದಿದ್ದರೆ ಫೈಲು ಸತ್ತ ಹಾಗೆ. ಆದರೆ ಫೈಲಿನ ಅಳತೆಯನ್ನು ಬಾಕ್ಸು ಡೈರೆಕ್ಟರಿಯಲ್ಲಿ ಬರೆಯೋದು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ. ನಡುವೆ ಕರೆಂಟ್ ಹೋದರೆ ಡೇಟಾ ಅಲ್ಲೇ ಇರುತ್ತೆ, ಅಳತೆ ಮಾತ್ರ ಸೊನ್ನೆ. ಅಳಿಸಬೇಡಿ. ಲ್ಯಾಪ್‌ಟಾಪಿಗೆ ಹಚ್ಚಿ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದರೆ ಸಾಕಷ್ಟು ಸಲ ಅದು ವಿಚಿತ್ರ ಹೆಸರಿನ, ಸಿಎಚ್‌ಕೆ ಅಂತ ಮುಗಿಯೋ ಫೈಲಾಗಿ ವಾಪಸ್ ಬರುತ್ತೆ. ಕೊನೆಯ ಮೂರಕ್ಷರ ತೆಗೆದು ಟಿಎಸ್ ಅಂತ ಬರೆದು ವಿಎಲ್‌ಸಿಯಲ್ಲಿ ಹಾಕಿ ನೋಡಿ.

ಹೋಗದ ಹಾಗೆ ಮಾಡೋದು ಇನ್ನೂ ಸುಲಭ. ರೆಕಾರ್ಡ್ ಆಗೋಕೆ ಟಿವಿ ಆನ್ ಇರಬೇಕಿಲ್ಲ. ಬಾಕ್ಸಿಗೆ ಕರೆಂಟ್ ಇದ್ದರೆ ಸಾಕು, ಡಿಶ್ ಮೇಲಿನ ಎಲ್‌ಎನ್‌ಬಿಗೂ ಕರೆಂಟ್ ಹೋಗೋದು ಬಾಕ್ಸಿನಿಂದಲೇ, ಅದೇ ಕೇಬಲ್ಲಿನಲ್ಲಿ. ಬಹಳಷ್ಟು ಬಾಕ್ಸುಗಳು 12 ವೋಲ್ಟಿನ ಅಡಾಪ್ಟರಿನ ಮೇಲೆ ನಡೀತವೆ. ವೈಫೈ ರೂಟರಿಗೆ ಅಂತ ಮಾರೋ ಪುಟ್ಟ 12 ವೋಲ್ಟ್ ಯುಪಿಎಸ್ ಇದಕ್ಕೂ ಆಗುತ್ತೆ. ವೋಲ್ಟ್, ಆಂಪಿಯರ್, ಪಿನ್ನಿನ ಗಾತ್ರ ಮೂರನ್ನೂ ಅಡಾಪ್ಟರಿನ ಮೇಲೆ ಓದಿ ಹೊಂದಿಸಬೇಕು. ಸುರಪುರದ ಮನೆಯಲ್ಲಿ ಹೀಗೆ ಮಾಡಿದೆವು. ಸಂಜೆ ಕರೆಂಟ್ ಹೋಯ್ತು, ಟಿವಿ ಕಪ್ಪಾಯ್ತು, ಬಾಕ್ಸಿನ ಕೆಂಪು ದೀಪ ಮಾತ್ರ ಉರೀತಾ ಇತ್ತು. ರಾತ್ರಿ ಅಜ್ಜಿ ಪೂರ್ತಿ ಕಾರ್ಯಕ್ರಮ ನೋಡಿದರು. "ಕರೆಂಟ್ ಇದ್ದಿಲ್ಲಲ್ಲೋ, ಇದು ಹ್ಯಾಂಗ ಬಂತು?" ಅಂತ ಎರಡು ಸಲ ಕೇಳಿದರು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ ನೋಡಿ. ಯುಪಿಎಸ್ ಮೋಡಿನಲ್ಲಿ ಬ್ಯಾಟರಿಗೆ ಬೇಗ ಬದಲಾಗುತ್ತೆ, ಬಾಕ್ಸು ರೀಸ್ಟಾರ್ಟ್ ಆಗಲ್ಲ. ಆದರೆ ವೋಲ್ಟೇಜ್ ಸದಾ ಕಡಿಮೆ ಇರೋ ಕಡೆ ಅದೇ ಮೋಡು ಮಾತು ಮಾತಿಗೂ ಬ್ಯಾಟರಿಗೆ ಹಾರಿ ಬ್ಯಾಟರಿ ಖಾಲಿ ಮಾಡುತ್ತೆ. ಅಂಥ ಊರಿಗೆ ರೂಟರ್ ಯುಪಿಎಸ್ಸೇ ವಾಸಿ.

ಇನ್ನು ಬೀಗದ ಕಥೆ. ನಮ್ಮಲ್ಲೊಬ್ಬರ ಕಾಕಾ ಶಹಾಪುರದ ಕಡೆ ಶಾಲಾ ಮಾಸ್ತರು. ಕೆಲವು ವರ್ಷದ ಹಿಂದೆ ಚಂದನದ 'ಥಟ್ ಅಂತ ಹೇಳಿ'ಗೆ ಹೋಗಿದ್ದರು. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ, ಸರಿ ಉತ್ತರಕ್ಕೆ ಪುಸ್ತಕ ಕೊಡೋ ಅದೇ ಕ್ವಿಜ್. ಪ್ರಸಾರವಾದ ದಿನ ಮನೆಯ ರೀಚಾರ್ಜ್ ಬಾಕ್ಸಿಗೆ ಹಚ್ಚಿದ್ದ ಹಾರ್ಡ್ ಡಿಸ್ಕಿನಲ್ಲಿ ರೆಕಾರ್ಡ್ ಮಾಡಿದರು. ಬಂದ ನೆಂಟರಿಗೆಲ್ಲ ತೋರಿಸಿದರು. ಒಂದು ಮಳೆಗಾಲ ಬಾಕ್ಸು ಕೆಟ್ಟಿತು, ಕಂಪನಿಯವರು ಬಂದು ಅದೇ ಮಾದರಿಯ ಹೊಸದು ಹಚ್ಚಿ ಹೋದರು. ಹೊಸ ಬಾಕ್ಸಿಗೆ ಹಳೇ ಡಿಸ್ಕ್ ಹಚ್ಚಿದರೆ ಪರದೆ ಮೇಲೆ ಒಂದೇ ಪ್ರಶ್ನೆ: ಫಾರ್ಮ್ಯಾಟ್ ಮಾಡಲೇ? ಕಸ್ಟಮರ್ ಕೇರಿನವರು ಏನೂ ಮಾಡೋಕಾಗಲ್ಲ ಸರ್ ಅಂದರು. ಹಳೇ ಬಾಕ್ಸನ್ನು ಒಯ್ಯುವಾಗ ಈ ಮಾತು ಯಾರೂ ಹೇಳಿರಲಿಲ್ಲ. ಯೂಟ್ಯೂಬಿನಲ್ಲಿ ಹುಡುಕಿದೆವು, ಬೇರೆ ಕಂತುಗಳು ಎಷ್ಟೋ ಇವೆ, ಆ ಕಂತು ಸಿಗಲಿಲ್ಲ. ಡಿಸ್ಕ್ ಚೆನ್ನಾಗಿದೆ, ಫೈಲೂ ಇದೆ, ಕಾಕಾ ಅದರೊಳಗೇ ಕೂತಿದ್ದಾರೆ. ಬೀಗದ ಕೈ ಸತ್ತ ಬಾಕ್ಸಿನ ಚಿಪ್ಪಿನೊಳಗೆ ಹೋಯ್ತು.

ಯಾಕೆ ಹೀಗೆ? ಇಂಥ ಬಾಕ್ಸು ಡಿಸ್ಕಿಗೆ ಬರೆಯುವಾಗ ತನ್ನೊಬ್ಬನಿಗೇ ಗೊತ್ತಿರೋ ಕೀಯಿಂದ ಎನ್‌ಕ್ರಿಪ್ಟ್ ಮಾಡುತ್ತೆ. ಒಬ್ಬರ ಡಿಸ್ಕ್ ಇನ್ನೊಬ್ಬರ ಮನೆಗೆ ಹೋಗಬಾರದು ಅನ್ನೋದು ಚಾನೆಲ್ಲುಗಳ ಚಿಂತೆ. ಸ್ಪೋರ್ಟ್ಸ್ ಮತ್ತು ಸಿನಿಮಾ ಮಾರೋರಿಗೆ ಇದು ಅರ್ಥವಾಗೋ ಮಾತು. ಚಂದನಕ್ಕೆ ಏನಕ್ಕೆ? ಅದು ಫ್ರೀ ಡಿಶ್‌ನಲ್ಲಿ ಬೀಗವಿಲ್ಲದೆ ಎಲ್ಲರಿಗೂ ಸಿಗುತ್ತೆ, ಅದನ್ನೂ ಇವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕ್ತಾರೆ. ಕಾನೂನು ನಮಗೆ ಅಡ್ಡ ಇಲ್ಲ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 39ರಲ್ಲಿ ಸ್ವಂತ ಬಳಕೆಗೆ, ಪಾಠ-ಸಂಶೋಧನೆಗೆ ಮಾಡಿಕೊಳ್ಳೋ ರೆಕಾರ್ಡಿಂಗ್ ಪ್ರಸಾರದ ಹಕ್ಕಿನ ಉಲ್ಲಂಘನೆ ಅಲ್ಲ ಅಂತಿದೆ. ಅಮೆರಿಕದಲ್ಲೂ 1984ರಲ್ಲಿ ಸೋನಿ ಕಂಪನಿಯ ವಿಡಿಯೋ ರೆಕಾರ್ಡರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಆಮೇಲೆ ನೋಡೋಕೆ ರೆಕಾರ್ಡ್ ಮಾಡೋದು ತಪ್ಪಲ್ಲ ಅಂದಿತು, ಐದು ಜಡ್ಜುಗಳು ಒಂದು ಕಡೆ, ನಾಲ್ಕು ಇನ್ನೊಂದು ಕಡೆ. ರೆಕಾರ್ಡ್ ಮಾಡಿದ್ದನ್ನು ಮಾರೋದು, ಊರಿಗೆಲ್ಲ ಹಂಚೋದು ಬೇರೆ ವಿಷಯ, ಅದು ತಪ್ಪೇ.

ಹಾಗಾಗಿ ಬೇಕಾದ ಕಾರ್ಯಕ್ರಮ ಚಂದನದ್ದಾದರೆ ಫ್ರೀ ಡಿಶ್ ಬಾಕ್ಸಿನಲ್ಲೇ ರೆಕಾರ್ಡ್ ಮಾಡಿ, ಮನೆಯಲ್ಲಿ ಇಲ್ಲದಿದ್ದರೆ ಓಣಿಯಲ್ಲಿ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತೆ. ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಚ್ಚಿದರೆ ಫೈಲು ನೇರ ವಿಎಲ್‌ಸಿಯಲ್ಲಿ ಓಡುತ್ತೆ. ನಡುವಿನ ಜಾಹೀರಾತು ಕತ್ತರಿಸೋಕೆ ಎಫ್‌ಎಫ್‌ಎಂಪೆಗ್ ಇದೆ, 'ಕಾಪಿ' ಆಯ್ಕೆ ಕೊಟ್ಟರೆ ಮತ್ತೆ ಎನ್‌ಕೋಡ್ ಮಾಡದೆ ಬೇಗ ಮುಗಿಸುತ್ತೆ. ಎರಡು ಕಡೆ ಕಾಪಿ ಇಡಿ. ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದ ಪೆನ್‌ಡ್ರೈವ್ ನಿಧಾನಕ್ಕೆ ಮರೆಯುತ್ತೆ.

ಬೀಗದ ಬಾಕ್ಸಿನಲ್ಲಿ ಈಗಾಗಲೇ ಏನಾದರೂ ಉಳಿಸಿಟ್ಟಿದ್ದರೆ, ಬಾಕ್ಸು ಬದುಕಿರುವಾಗಲೇ ಅದನ್ನು ಓಡಿಸಿ ಹಳದಿ-ಕೆಂಪು-ಬಿಳಿ ಔಟ್‌ಪುಟ್‌ನಿಂದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ಮೂಲಕ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಹುದು. ಚಿತ್ರ ಸ್ವಲ್ಪ ಮಂಕಾಗುತ್ತೆ, ಒಂದು ಗಂಟೆಯದಕ್ಕೆ ಒಂದು ಗಂಟೆಯೇ ಹಿಡಿಯುತ್ತೆ. ನಮ್ಮ ಹತ್ತಿರ ಒಂದು ಕಡ್ಡಿ ಇದೆ. ಬೇಕಾದವರು ರಜೆಗೆ ಊರಿಗೆ ಹೋಗೋ ಮುಂಚೆ ಕ್ಲಬ್ಬಿನ ಕೋಣೆಯಲ್ಲಿ ಕೇಳಿ ಒಯ್ಯಿರಿ, ವಾಪಸ್ ತಂದುಕೊಡಿ.