ನಿಮಗಿದು ಗೊತ್ತೇ? ಕಾಶಿಯ ಇರುಳು ಆಕಾಶ

ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ಊರು, ಘಾಟುಗಳೆಲ್ಲ ಪಶ್ಚಿಮ ದಡದಲ್ಲಿ. ಎದುರಿಗೆ ಬರೀ ಮರಳು. ಹಾಗಾಗಿ ಮೆಟ್ಟಿಲ ಮೇಲೆ ಕುಳಿತವರಿಗೆ ಪೂರ್ವ ದಿಗಂತಕ್ಕೆ ಅಡ್ಡ ಏನೂ ಇಲ್ಲ. ಸೂರ್ಯೋದಯಕ್ಕೆ ಜನ ಮುಗಿಬೀಳುತ್ತಾರೆ. ಸಂಜೆಯ ಆರತಿ ಮುಗಿದ ಮೇಲೆ ಅದೇ ಕಡೆ ನಕ್ಷತ್ರ ಮೂಡುವುದನ್ನು ನೋಡಲು ಕೂರುವವರು ಅಪರೂಪ.

ದಶಾಶ್ವಮೇಧ ಘಾಟ್‌ನ ಪಕ್ಕದ ಮಾನಮಂದಿರದ ತಾರಸಿ ಹತ್ತಿದ್ದೀರಾ? ಆಮೇರ್‌ನ ರಾಜಾ ಮಾನಸಿಂಹ ಕಟ್ಟಿಸಿದ ಅರಮನೆ ಅದು. ತಾರಸಿಯ ಮೇಲೆ 18ನೇ ಶತಮಾನದಲ್ಲಿ ಜೈಪುರದ ದೊರೆ ಸವಾಯಿ ಜಯಸಿಂಹ ವೇಧಶಾಲೆ ಮಾಡಿಸಿದ. ದೆಹಲಿ, ಜೈಪುರ, ಉಜ್ಜಯಿನಿ, ಮಥುರೆಯಲ್ಲೂ ಮಾಡಿಸಿದ್ದ. ಮಥುರೆಯದು ಇಂದು ಉಳಿದಿಲ್ಲ. ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ ಕಾಶಿಯ ಯಂತ್ರಗಳನ್ನು ಕಂಡು ಬೆರಗಾಗಿ 1777ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ.

ಅಲ್ಲಿನ ಸಮ್ರಾಟ್ ಯಂತ್ರದ ತ್ರಿಕೋನ ಗೋಡೆಯ ಓರೆ ಅಂಚಿಗೆ ಕಣ್ಣಿಟ್ಟರೆ ನೋಟ ನೇರ ಧ್ರುವ ನಕ್ಷತ್ರದತ್ತ ಹೋಗುತ್ತದೆ. ಅಂಚಿನ ಓರೆ ಸುಮಾರು 25 ಡಿಗ್ರಿ, ಕಾಶಿಯ ಅಕ್ಷಾಂಶದಷ್ಟೇ. ಅದರ ನೆರಳು ಹೇಳುವ ಗಂಟೆಗೂ ನಿಮ್ಮ ಕೈಗಡಿಯಾರಕ್ಕೂ ಏಪ್ರಿಲ್ ಮಧ್ಯದಲ್ಲಿ ಎರಡೇ ನಿಮಿಷದ ಅಂತರ. ಭಾರತೀಯ ಕಾಲಮಾನದ ರೇಖೆ ಪಕ್ಕದ ಮಿರ್ಜಾಪುರದ ಹತ್ತಿರವೇ ಹಾದುಹೋಗುವುದು ಇದಕ್ಕೆ ಕಾರಣ. ಅದೇ ಯಂತ್ರ ಬೆಂಗಳೂರಿನಲ್ಲಿದ್ದಿದ್ದರೆ 20 ನಿಮಿಷ ಹಿಂದೆ ಬೀಳುತ್ತಿತ್ತು.

ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿಯಿರಿ: ಆಕಾಶದಲ್ಲಿ ಅದು ಸುಮಾರು 10 ಡಿಗ್ರಿ. ಕಾಶಿಯಲ್ಲಿ ಧ್ರುವ ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ. ಬೆಂಗಳೂರಲ್ಲಿ ಒಂದು ಮುಷ್ಟಿಗೆ ತುಸು ಹೆಚ್ಚು, ಅದೂ ಎದುರುಮನೆಯ ನೀರಿನ ಟ್ಯಾಂಕ್ ಅಡ್ಡ ಬರದಿದ್ದರೆ.

ದಕ್ಷಿಣದ ಕಡೆ ಲೆಕ್ಕ ತಿರುಗುಮುರುಗು. ವಿಂಧ್ಯನ ಗರ್ವ ಇಳಿಸಲು ಅಗಸ್ತ್ಯರು ಕಾಶಿ ಬಿಟ್ಟು ದಕ್ಷಿಣಕ್ಕೆ ಬಂದರೆನ್ನುತ್ತದೆ ಪುರಾಣ. ಅವರ ಹೆಸರಿನ ನಕ್ಷತ್ರವೂ ದಕ್ಷಿಣದ್ದೇ! ಫೆಬ್ರುವರಿಯ ರಾತ್ರಿ ಒಂಬತ್ತರ ಸುಮಾರಿಗೆ ಅದು ಕಾಶಿಯಲ್ಲಿ ಹೆಚ್ಚೆಂದರೆ 12 ಡಿಗ್ರಿ ಏರುತ್ತದೆ, ಬೆಂಗಳೂರಿನಲ್ಲಿ 24. ಲುಬ್ಧಕ ಬಿಟ್ಟರೆ ಇರುಳಿನ ಅತಿ ಪ್ರಕಾಶದ ನಕ್ಷತ್ರ ಇದೇ. ಮೇ ತಿಂಗಳಲ್ಲಿ ನಮಗೆ ಕಾಣುವ ತ್ರಿಶಂಕುವಿನ ಕೆಳತುದಿ ಮಾತ್ರ ಕಾಶಿಯಲ್ಲಿ ದಿಗಂತದ ಧೂಳಿನಲ್ಲೇ ಕಳೆದುಹೋಗುತ್ತದೆ.

ಕಾಶಿಯಲ್ಲಿ ಸೂರ್ಯ ಎಂದೂ ನಡುನೆತ್ತಿಗೆ ಬರುವುದಿಲ್ಲ; ಊರು ಕರ್ಕಾಟಕ ವೃತ್ತದಿಂದ ಉತ್ತರಕ್ಕಿದೆ. ಬೆಂಗಳೂರಿಗರಿಗೆ ಏಪ್ರಿಲ್ 24, ಆಗಸ್ಟ್ 18ರ ಆಸುಪಾಸು ಸಿಗುವ ಶೂನ್ಯ ನೆರಳಿನ ದಿನ ಅಲ್ಲಿಲ್ಲ.

ಕಾರ್ತಿಕದಲ್ಲಿ ಘಾಟುಗಳ ಮೇಲೆ ಎತ್ತರದ ಬಿದಿರು ಗಳ ನೆಟ್ಟು, ಬಿದಿರು ಬುಟ್ಟಿಯಲ್ಲಿ ಹಣತೆಯಿಟ್ಟು ಹಗ್ಗದಿಂದ ಮೇಲಕ್ಕೆಳೆಯುತ್ತಾರೆ. ಪಿತೃಗಳಿಗೆ ದಾರಿ ತೋರುವ ಆಕಾಶದೀಪ. ನಕ್ಷತ್ರ ನೋಡುವವರಿಗೆ ಈ ಹಣತೆಗಳಿಂದ ಏನೂ ತೊಂದರೆಯಿಲ್ಲ, ಕಾಟವೆಲ್ಲ ಫ್ಲಡ್‌ಲೈಟ್‌ಗಳದ್ದು. ತಿಂಗಳ ಹುಣ್ಣಿಮೆಯೇ ದೇವ ದೀಪಾವಳಿ. ಅಂದು ಚಂದ್ರ ಕೃತ್ತಿಕೆಯ ಆಸುಪಾಸಿನಲ್ಲಿ ಮೂಡುತ್ತಾನೆ, ತಿಂಗಳಿಗೆ ಹೆಸರು ಬಂದದ್ದೂ ಹಾಗೆಯೇ. ಆದರೆ ಬೆಳದಿಂಗಳಲ್ಲಿ ಕೃತ್ತಿಕೆಯ ಪುಟ್ಟ ಗೊಂಚಲು ಕಾಣುವುದು ಕಷ್ಟ. ಐದಾರು ದಿನ ತಡೆದು, ಚಂದ್ರ ಹುಟ್ಟುವ ಮುಂಚೆ ಪೂರ್ವಕ್ಕೆ ನೋಡಿ. ಬರಿಗಣ್ಣಿಗೆ ಆರು ನಕ್ಷತ್ರ, ಬೈನಾಕ್ಯುಲರ್‌ಗೆ ಹತ್ತಾರು.

ಡಿಸೆಂಬರ್, ಜನವರಿಯ ಮಹಾವ್ಯಾಧ ಚೆಂದವೇ, ಆದರೆ ಗಂಗೆಯ ಬಯಲಿನ ಕೊಹರಾ, ಅಂದರೆ ದಟ್ಟ ಮಂಜು, ಬಿಟ್ಟುಕೊಟ್ಟರೆ ಮಾತ್ರ. ನನ್ನನ್ನು ಕೇಳಿದರೆ ನವೆಂಬರ್ ಇಲ್ಲವೇ ಫೆಬ್ರುವರಿ, ಮಾರ್ಚ್.

ಜುಲೈ ಮಳೆಗಾಲ, ಬಿಡಿ ಎನ್ನುತ್ತೀರಾ? 2009ರ ಜುಲೈ 22ರ ಬೆಳಗ್ಗೆ ಆರೂವರೆಗೆ ಮುಂಚೆ ಕಾಶಿಯಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಗಂಗೆಯಲ್ಲಿ ಮುಳುಗು ಹಾಕುತ್ತಿದ್ದ ಸಾವಿರಾರು ಜನರ ಎದುರೇ ಮೂರು ನಿಮಿಷ ಕತ್ತಲು. ವಿಜ್ಞಾನಿಗಳು ನೆರೆದಿದ್ದ ಬಿಹಾರದ ತಾರೇಗನಾದಲ್ಲಿ ಮೋಡ! ಭಾರತಕ್ಕೆ ಮುಂದಿನ ಖಗ್ರಾಸ 2034ರ ಮಾರ್ಚ್ 20ರಂದು, ಕಾಶ್ಮೀರದ ಕಡೆಗೆ. ಈ ಸಲ ಕಾಶಿಗೆ ಆ ಯೋಗವಿಲ್ಲ.