ಬೂಷ್ಟು ಕಾಳು ತಿಂದ ಹುಳು ಆಹಾರಕ್ಕೆ ಯೋಗ್ಯವೇ?

ಕಾಗಿಣಾ ನದಿಯ ದಂಡೆಯ ದಂಡೋತಿಯಂಥ ಊರುಗಳಲ್ಲಿ, ತೆನೆ ಬಲಿಯುವ ಹೊತ್ತಿಗೆ ಅಕಾಲ ಮಳೆ ಸುರಿದರೆ ಜೋಳವು ಕಪ್ಪಿಡುವುದನ್ನು ಎಲ್ಲರೂ ಬಲ್ಲರು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ, ಮಳೆಗೆ ಸಿಕ್ಕ ಜೋಳ ಮತ್ತು ಮೆಕ್ಕೆಜೋಳಗಳನ್ನು ಉಂಡವರಿಗೆ ಹೊಟ್ಟೆನೋವು, ಭೇದಿ ತಗಲಿದವು. ಕಾಳಿನ ಮೇಲೆ ಬೆಳೆದ ಬೂಷ್ಟು ತಯಾರಿಸಿದ ಫ್ಯುಮೊನಿಸಿನ್ ಎಂಬ ವಿಷವೇ ಇದಕ್ಕೆ ಕಾರಣವೆಂದು ತಜ್ಞರು ನಿರ್ಣಯಿಸಿದರು.

ಇಂಥ ಕಾಳನ್ನು ತಿಪ್ಪೆಗೆ ಚೆಲ್ಲುವ ಬದಲು ಹುಳುಗಳಿಗೆ ಉಣಿಸಿ, ಆ ಹುಳುಗಳನ್ನು ಕೋಳಿಗೋ ಮೀನಿಗೋ, ಕೊನೆಗೆ ಮನುಷ್ಯನಿಗೋ ಆಹಾರವಾಗಿ ಒದಗಿಸಬಹುದೇ? ವಾಚಕರು ಮೂಗು ಮುರಿದಾರು. ಆದರೆ ಐರೋಪ್ಯ ಒಕ್ಕೂಟವು 2021ರಲ್ಲಿಯೇ ಒಣಗಿಸಿದ ಹಳದಿ ಹಿಟ್ಟುಹುಳುವನ್ನು ಮನುಷ್ಯರ ಆಹಾರವೆಂದು ಅಂಗೀಕರಿಸಿದೆ.

ಬೂಷ್ಟಿನ ವಿಷಗಳಲ್ಲಿ ಅತಿ ಕುಖ್ಯಾತವಾದುದು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಶೇಂಗಾ ಹಿಂಡಿಯಲ್ಲಿ ಇದು ಪತ್ತೆಯಾಯಿತು. ಇದು ಯಕೃತ್ತನ್ನು ಕೆಡಿಸುವುದು, ಅಲ್ಲಿ ಕ್ಯಾನ್ಸರನ್ನೂ ಉಂಟುಮಾಡುವುದು. ಅಡುಗೆಯ ಶಾಖಕ್ಕೆ ಸುಲಭವಾಗಿ ಬಗ್ಗದು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇದರ ಇನ್ನೊಂದು ಗುಣವೇ ಮೆಚ್ಚಿಕೆ: ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳನ್ನು ಹೀರಿ, ಕಾಣುವ ಬೆಳಕನ್ನು ಹೊರಸೂಸುವುದು. ನೀಲಿಯಾಗಿ ಹೊಳೆಯುವುದು 'ಬಿ', ಹಸಿರಾಗಿ ಹೊಳೆಯುವುದು 'ಜಿ'. ಆಯಾ ಬಣ್ಣದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿವು.

ನೆದರ್ಲೆಂಡ್ಸಿನ ವಾಗೆನಿಂಗೆನ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಿಲೋಗ್ರಾಮಿಗೆ 0.5 ಮಿಲಿಗ್ರಾಮಿನವರೆಗೆ ಅಫ್ಲಾಟಾಕ್ಸಿನ್ ಬಿ1 ಬೆರೆಸಿದ ಮೇವನ್ನು ಕಪ್ಪು ಸೈನಿಕ ನೊಣದ ಮರಿಹುಳುಗಳಿಗೂ ಹಿಟ್ಟುಹುಳುಗಳಿಗೂ ಉಣಿಸಿದರು. ಯುರೋಪಿನಲ್ಲಿ ಪಶುಮೇವಿಗೆ ವಿಧಿಸಿದ 0.02 ಮಿಲಿಗ್ರಾಮ್ ಮಿತಿಗೆ ಇದು ಇಪ್ಪತ್ತೈದು ಪಟ್ಟು! ಆದರೂ ಹುಳುಗಳು ಚೆನ್ನಾಗಿಯೇ ಬೆಳೆದವು. ನೊಣದ ಮರಿಗಳ ದೇಹದಲ್ಲಿ ವಿಷವು ಪತ್ತೆಯಾಗಲಿಲ್ಲ. ಹಿಟ್ಟುಹುಳುಗಳಲ್ಲಿ ಅತ್ಯಲ್ಪವಾಗಿ ಉಳಿದಿತ್ತು.

ಹಾಗಾದರೆ ತಿಂದ ವಿಷ ಹೋಯಿತೆಲ್ಲಿಗೆ? ಸ್ವಲ್ಪ ಭಾಗವು ಹಿಕ್ಕೆಯಲ್ಲಿ ಹೊರಬಿದ್ದೀತು. ಮಿಕ್ಕುದನ್ನು ಹುಳುವಿನ ಕಿಣ್ವಗಳು ಬೇರೆ ಸಂಯುಕ್ತಗಳಾಗಿ ಮಾರ್ಪಡಿಸಿರಬೇಕು. ಮಾರ್ಪಾಡೆಂದರೆ ನಾಶವೆಂದು ತಿಳಿಯಲಾಗದು. ಹಸುವು ಬಿ1 ವಿಷವನ್ನು ಎಂ1 ಆಗಿ ಮಾರ್ಪಡಿಸಿ ಹಾಲಿನಲ್ಲಿ ಬಿಡುವುದು, ಅದೂ ವಿಷವೇ. ಹುಳುವಿನ ಕರುಳಿನಲ್ಲಿ ಉಳಿದ ಮೇವಿನ ಕಾಟವೂ ಉಂಟು; ಆದುದರಿಂದ ಕೊಯ್ಲಿಗೆ ಮೊದಲು ಹುಳುಗಳನ್ನು ಉಪವಾಸವಿಡುವ ಪದ್ಧತಿಯಿದೆ.

ಇನ್ನು ದಂಡೋತಿಯ ಕಪ್ಪಿಟ್ಟ ಜೋಳದಲ್ಲಿ ಫ್ಯುಮೊನಿಸಿನ್ ಇದ್ದರೆ, ಅಫ್ಲಾಟಾಕ್ಸಿನ್ನಿಗೆ ದೊರೆತ ಉತ್ತರವು ಅದಕ್ಕೆ ಸಲ್ಲದು. ವಿಷವೊಂದೊಂದಕ್ಕೂ ಹುಳುವೊಂದೊಂದಕ್ಕೂ ಪ್ರತ್ಯೇಕ ಪರೀಕ್ಷೆ ನಡೆಯಬೇಕು. ಹುಳುವನ್ನಷ್ಟೇ ಅಲ್ಲ, ಗೊಬ್ಬರವಾಗಿ ಹೊಲಕ್ಕೆ ಹೋಗುವ ಅದರ ಹಿಕ್ಕೆಯನ್ನೂ ಪರೀಕ್ಷಿಸಬೇಕು.